ಆಯ್ದ ಅಕ್ಕಿ, ಅಮರೇಶ್ವರನ ಸನ್ನಿಧಿ

ಮಹಾನಗರದಲ್ಲಿ ನೆಲೆಸಿದ ಕನ್ನಡಿಗರಲ್ಲಿ ಒಂದು ಕೊರಗು ಬಹುಕಾಲ ಉಳಿಯುತ್ತದೆ. ಮನೆದೇವರು ಊರಿನಲ್ಲಿಯೇ ಉಳಿದನು. ಇಲ್ಲಿ ಅಡುಗೆಮನೆಯ ಗೋಡೆಗೆ ಹೊಡೆದ ಹಲಗೆಯೇ ದೇವರಮನೆ. ದಸರೆಗೆ ಊರಿಗೆ ಹೋಗಲು ರಜೆ ದೊರೆಯದ ವರ್ಷ ಹಬ್ಬವೇ ಬರಿದಾದಂತೆ ತೋರುತ್ತದೆ. ದೇವರ ಸನ್ನಿಧಿಯೆಂಬುದು ರೈಲಿನ ಟಿಕೆಟನ್ನು ಅವಲಂಬಿಸಿದೆಯೆ? ಹನ್ನೆರಡನೆಯ ಶತಮಾನದಲ್ಲಿ ಹೀಗೆಯೇ ಊರು ಬಿಟ್ಟು ಬಂದ ದಂಪತಿಗಳೊಬ್ಬರ ಬಾಳಿನಲ್ಲಿ ಈ ಪ್ರಶ್ನೆಗೆ ಉತ್ತರವಿದೆ.

ಐದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಇಂದಿನ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಬಸವಣ್ಣನವರ ಕೀರ್ತಿಯನ್ನು ಕೇಳಿ ಕಲ್ಯಾಣಕ್ಕೆ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣಕ್ಕೆ, ಬಂದು ನೆಲೆಸಿದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಅಟ್ಟು, ಜಂಗಮರಿಗೆ ಬಡಿಸಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವುದು ಆ ಮನೆಯ ದಾಸೋಹ. ‘ಐದಕ್ಕಿ’ ಎಂದರೆ ಆಯ್ದ ಅಕ್ಕಿ. ಐದೆಂಬ ಸಂಖ್ಯೆಗೂ ಈ ಹೆಸರಿಗೂ ಸಂಬಂಧವಿಲ್ಲ. ಊರನ್ನು ಬಿಟ್ಟರೂ ಅವರು ಊರದೇವರನ್ನು ಬಿಡಲಿಲ್ಲ. ಇಬ್ಬರ ವಚನಗಳ ಅಂಕಿತದಲ್ಲಿಯೂ ಅಮರೇಶ್ವರಲಿಂಗನೇ ಇದ್ದಾನೆ. ಶರಣರಿಗೆ ಇಷ್ಟಲಿಂಗವು ಅಂಗದ ಮೇಲೆಯೇ ಇರುವುದರಿಂದ ಗುಡಿ ಹಿಂದುಳಿದರೂ ದೇವರು ಹಿಂದುಳಿಯುವ ಮಾತೇ ಇರಲಿಲ್ಲ.

ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದನು. ಬಸವಣ್ಣನವರೇ ಪರೀಕ್ಷಾರ್ಥವಾಗಿ ಹೆಚ್ಚು ಅಕ್ಕಿ ಚೆಲ್ಲಿಸಿದ್ದರೆಂದು ಹೇಳುವುದುಂಟು. ಲಕ್ಕಮ್ಮನು ಆ ಅಕ್ಕಿಯನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಇದು ನಿಮ್ಮ ಮನಸ್ಸಿನ ಕೆಲಸವೋ, ಬಸವಣ್ಣನ ಸಂದೇಹದ ಫಲವೋ ಎಂದು ಕೇಳಿ, ತಂದಲ್ಲಿಗೇ ಹಿಂದಿರುಗಿಸಿ ಬರುವಂತೆ ಪತಿಗೆ ಹೇಳಿದಳು.

ಈ ಪ್ರಸಂಗವನ್ನು ಸಾಮಾನ್ಯವಾಗಿ ನಿರಾಸೆಗೆ, ಅಪರಿಗ್ರಹಕ್ಕೆ ನಿದರ್ಶನವೆಂದು ಹೇಳಿ ಮುಗಿಸುತ್ತಾರೆ. ಅದು ಸರಿಯೇ, ಆದರೆ ಲಕ್ಕಮ್ಮನು ಕೊಟ್ಟ ಕಾರಣಗಳನ್ನು ಗಮನಿಸದೆ ಬಿಟ್ಟರೆ ಕಥೆಯ ತಿರುಳೇ ತಪ್ಪುತ್ತದೆ. ತನ್ನ ವಚನದಲ್ಲಿ ಆಕೆ ಎರಡು ಮಾತುಗಳನ್ನು ಹೇಳುತ್ತಾಳೆ. ಇಷ್ಟು ಅಕ್ಕಿಯ ಆಸೆಯನ್ನು ಈಶ್ವರನು ಒಪ್ಪುವುದಿಲ್ಲ ಎಂಬುದು ಮೊದಲನೆಯದು. ಇದರಿಂದ ಅಮರೇಶ್ವರಲಿಂಗಕ್ಕೆ ದೂರವಾಗುವೆವು ಎಂಬುದು ಎರಡನೆಯದು. ಜನ ಏನೆನ್ನುವರು ಎಂಬ ಅಂಜಿಕೆ ಇಲ್ಲಿಲ್ಲ. ನರಕದ ಭಯವೂ ಇಲ್ಲ. ದೇವರ ಒಪ್ಪಿಗೆ, ದೇವರ ಸಾಮೀಪ್ಯ, ಇವೆರಡೇ ಆಕೆಯ ಅಳತೆಗೋಲು. ಅಮರೇಶ್ವರದಿಂದ ಕಲ್ಯಾಣದವರೆಗೆ ನಡೆದು ಬಂದ ಹೆಣ್ಣುಮಗಳು ಆ ಹಾದಿಯನ್ನು ದೂರವೆಂದು ಎಣಿಸಲಿಲ್ಲ. ಕಾಯಕಕ್ಕೆ ಮೀರಿದ ಕೆಲವು ಹಿಡಿ ಅಕ್ಕಿಯನ್ನು ದೂರವೆಂದು ಎಣಿಸಿದಳು.

ಮಾರಯ್ಯನ ಪರವಾಗಿಯೂ ವಾದ ಹೂಡಬಹುದು. ಅಕ್ಕಿ ಕದ್ದದ್ದಲ್ಲ, ನೆಲದ ಮೇಲೆ ಬಿದ್ದದ್ದು. ಹೆಚ್ಚು ತಂದರೆ ಇನ್ನಷ್ಟು ಜಂಗಮರಿಗೆ ಊಟವಾಗುತ್ತಿತ್ತು. ಧರ್ಮಕಾರ್ಯದ ಹೆಸರಿನಲ್ಲಿ ಆಸೆಯು ಎಷ್ಟು ಸುಲಭವಾಗಿ ಮನೆಯೊಳಗೆ ಬರುತ್ತದೆಂಬುದು ದೇಣಿಗೆಯ ರಸೀತಿ ಪುಸ್ತಕ ಹಿಡಿದು ತಿರುಗಿದವರಿಗೆಲ್ಲ ಗೊತ್ತು! ಲಕ್ಕಮ್ಮ ಈ ವಾದಕ್ಕೆ ಎಡೆಗೊಡಲಿಲ್ಲ. ನಾಳೆಯ ಚಿಂತೆಯಿಂದ ಕೂಡಿಟ್ಟ ಅಕ್ಕಿಯು, ನಾಳೆಯೂ ದೇವರು ಜೊತೆಗಿರುವನೆಂಬ ನಂಬಿಕೆಯಲ್ಲಿ ಬಿದ್ದ ಬಿರುಕು. ಆ ನಂಬಿಕೆಯಿದ್ದವರಿಗೆ ಅಂದಿನ ಅಕ್ಕಿಯೇ ಸಾಕು. ಆಕೆಯ ನಿಷ್ಠುರತೆಯ ಹಿಂದಿದ್ದುದು ಈ ನೆಮ್ಮದಿ. ನೆಮ್ಮದಿಯಿಲ್ಲದ ಬಡತನದಿಂದ ಇಂಥ ಮಾತು ಹೊರಡಲಾರದು.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಮಾರಯ್ಯನು ಶರಣರೊಡನೆ ಮಾತಿನಲ್ಲಿ ಮೈಮರೆತಾಗ, ಕಾಯಕ ನಿಂತಿತೆಂದು ಎಚ್ಚರಿಸಿದವಳೂ ಲಕ್ಕಮ್ಮನೇ. ಕಾಯಕದಲ್ಲಿ ತೊಡಗಿದವನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕೆಂದು ಮಾರಯ್ಯನ ವಚನವೊಂದು ಹೇಳುತ್ತದೆ. ಭಕ್ತನಿಗೆ ಇದು ಕಠಿಣವಾದ ಮಾತು. ಸನ್ನಿಧಿಯು ಪೂಜೆಯ ಹೊತ್ತಿಗೆ ಮಾತ್ರ ಬಂದು ಹೋಗುವುದಾದರೆ ಈ ಮಾತು ಅಪಚಾರವೇ ಆಗುತ್ತಿತ್ತು. ಕೈಯಲ್ಲಿನ ಕೆಲಸದಲ್ಲಿಯೂ ಅವನೇ ಇರುವನೆಂದು ಕಂಡವರು ಮಾತ್ರ ಹೀಗೆ ಹೇಳಬಲ್ಲರು. ಮಹಾನವಮಿಯ ದಿನ ಆಯುಧಪೂಜೆಯೆಂದು ಯಂತ್ರಕ್ಕೂ ವಾಹನಕ್ಕೂ ಲೆಕ್ಕದ ಪುಸ್ತಕಕ್ಕೂ ಕುಂಕುಮವಿಡುವವರು ಈ ವಚನವನ್ನು ಒಮ್ಮೆ ಓದುವುದು ಲೇಸು. ಕುಂಕುಮವಿಟ್ಟ ಆ ಪುಸ್ತಕದಲ್ಲಿ ಮರುದಿನ ಬರೆಯುವ ಲೆಕ್ಕವೂ ಪೂಜೆಗೆ ಸೇರಿದ್ದೇ.

ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಅಕ್ಕಿಯನ್ನು ಹಿಂದಿರುಗಿಸಿ ಬನ್ನಿರೆಂದು ಗಂಡನನ್ನು ಬಾಗಿಲಿನಿಂದಲೇ ಕಳುಹಿದ ವಚನದಲ್ಲಿಯೂ ಆಕೆ ದೇವರನ್ನು ಕರೆದದ್ದು ಆ ಗಂಡನಿಗೆ ಪ್ರಿಯನಾದವನೆಂದೇ.