ನೀರು ಬೆರೆಸಿದಾಗ ಬದಲಾಗದಿರುವುದು ಯಾವುದು?

ಬೋಧನಾಭ್ಯಾಸದಲ್ಲಿ ಒಂಬತ್ತನೇ ತರಗತಿಗೆ ‘ದ್ರಾವಣದ ಸಾರತೆ’ ಪಾಠವನ್ನು ಎರಡು ಅವಧಿಗಳಲ್ಲಿ ಮಾಡಿದೆ. ಮಜ್ಜಿಗೆಗೆ ನೀರು ಬೆರೆಸಿದರೆ ಸಪ್ಪೆಯಾಗುತ್ತದೆ. ಹಾಗಾದರೆ ಪಾತ್ರೆಯಲ್ಲಿದ್ದ ಉಪ್ಪು ಕಡಿಮೆಯಾಯಿತೇ? ಇದು ನನ್ನ ಪೀಠಿಕಾ ಪ್ರಶ್ನೆ. “ಇಲ್ಲ ಸರ್, ಉಪ್ಪು ಅಷ್ಟೇ ಇರುತ್ತೆ, ಮಜ್ಜಿಗೆ ಜಾಸ್ತಿ ಆಗುತ್ತೆ” ಎಂದರು ಮಕ್ಕಳು. ಸಾರರಿಕ್ತಗೊಳಿಸುವ ಇಡೀ ಲೆಕ್ಕ ನಿಂತಿರುವುದು ಈ ಮಾತಿನ ಮೇಲೆಯೇ.

ಇದನ್ನೇ ಕಪ್ಪುಹಲಗೆಯಲ್ಲಿ ಸೂತ್ರವಾಗಿಸಿದೆವು: ಮೊದಲ ಸಾರತೆ × ಮೊದಲ ಗಾತ್ರ = ಹೊಸ ಸಾರತೆ × ಹೊಸ ಗಾತ್ರ.

ಸಮಸ್ಯೆ: 100 ಮಿ.ಲೀ.ಗೆ 10 ಗ್ರಾಂ ಉಪ್ಪಿರುವ, ಅಂದರೆ 10% ದ್ರಾವಣ 20 ಮಿ.ಲೀ. ಇದೆ. ಅದನ್ನು 2% ಮಾಡಿ.

10 × 20 = 2 × ಹೊಸ ಗಾತ್ರ. ಉತ್ತರ 100 ಮಿ.ಲೀ. ಎಂದು ಎಲ್ಲರೂ ಸರಿಯಾಗಿ ಬರೆದರು. ಆದರೆ ಅಳತೆ ಜಾಡಿ ಕೈಗೆ ಬಂದಾಗ ಹಲವರು 100 ಮಿ.ಲೀ. ನೀರನ್ನೇ ಸುರಿಯಲು ಹೊರಟರು. ಹಾಗೆ ಸುರಿದರೆ ಒಟ್ಟು ಗಾತ್ರ ಸುಮಾರು 120 ಮಿ.ಲೀ. ಆಗುತ್ತದೆ, ಅದರಲ್ಲಿ ಉಪ್ಪು 2 ಗ್ರಾಂ, ಸಾರತೆ ಸುಮಾರು 1.67%. ಪುಸ್ತಕದಲ್ಲಿ ಪೂರ್ಣ ಅಂಕ, ಜಾಡಿಯಲ್ಲಿ ತಪ್ಪು ದ್ರಾವಣ!

ಹೊಸ ಗಾತ್ರವೆಂದರೆ ಸೇರಿಸುವ ನೀರಲ್ಲ, ಒಟ್ಟು ದ್ರಾವಣ. ಆದ್ದರಿಂದ ಎರಡನೇ ಅವಧಿಯಲ್ಲಿ ಸೂತ್ರಕ್ಕೆ ಮೊದಲು ಮೂರು ಪ್ರಶ್ನೆಗಳನ್ನಿಟ್ಟೆ:

1. ತೆಗೆದುಕೊಂಡ ದ್ರಾವಣದಲ್ಲಿ ದ್ರಾವ್ಯ ಎಷ್ಟು ಗ್ರಾಂ ಇದೆ? (2 ಗ್ರಾಂ)
2. ಅದು ಒಟ್ಟು ಎಷ್ಟು ದ್ರಾವಣದಲ್ಲಿ ಇರಬೇಕು? (100 ಮಿ.ಲೀ.)
3. ಜಾಡಿಯಲ್ಲಿ ನೀರನ್ನು ಯಾವ ಗೆರೆಯವರೆಗೆ ತುಂಬಬೇಕು? (100ರ ಗೆರೆ)

‘ಐದು ಪಟ್ಟು ಸಾರರಿಕ್ತ’ ಎಂದರೆ ಒಂದು ಭಾಗ ದ್ರಾವಣಕ್ಕೆ ಸುಮಾರು ನಾಲ್ಕು ಭಾಗ ನೀರು ಎಂಬುದು ಆಗ ಮಕ್ಕಳಿಗೆ ತಾನಾಗಿ ಹೊಳೆಯಿತು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಇನ್ನೊಂದು ಮಾತು. ಸೂತ್ರ ಎಷ್ಟು ಬೆರೆಸಬೇಕೆಂದು ಹೇಳುತ್ತದೆ, ಯಾವುದಕ್ಕೆ ಯಾವುದನ್ನು ಸೇರಿಸಬೇಕೆಂದು ಹೇಳುವುದಿಲ್ಲ. ಉಪ್ಪಿನ ದ್ರಾವಣದಲ್ಲಿ ಆ ಕ್ರಮ ಮುಖ್ಯವಲ್ಲ. ಸಾರೀಕೃತ ಸಲ್ಫ್ಯೂರಿಕ್ ಆಮ್ಲಕ್ಕೆ ನೀರು ಸುರಿದರೆ ಮಾತ್ರ ಹೊಮ್ಮುವ ಶಾಖಕ್ಕೆ ನೀರು ಕುದಿದು ಆಮ್ಲ ಮುಖಕ್ಕೆ ಸಿಡಿಯಬಹುದು. ಆಮ್ಲವನ್ನೇ ನೀರಿಗೆ, ಸ್ವಲ್ಪಸ್ವಲ್ಪವಾಗಿ, ಕಲಕುತ್ತಾ ಸೇರಿಸಬೇಕು. ಈ ವಾಕ್ಯಕ್ಕೂ ಪಾಠ ಯೋಜನೆಯಲ್ಲಿ ಸೂತ್ರದ ಪಕ್ಕದಲ್ಲೇ ಜಾಗವಿರಲಿ. ಮೌಲ್ಯಮಾಪನವೂ ಕಾಗದದಲ್ಲಿ ಮುಗಿಯದೆ ಅಳತೆ ಜಾಡಿಯವರೆಗೆ ಹೋಗಲಿ.