‘ರೋಡು ನಿಮ್ಮಪ್ಪಂದಾ?’ ಎಂದವರಿಗೆ ಕಾನೂನಿನ ಉತ್ತರ

ಬೆಂಗಳೂರಿನಲ್ಲಿ ಸೈಕಲ್ ತುಳಿಯುವವರ ಕಿವಿಗೆ ಈ ಪ್ರಶ್ನೆ ಹೊಸದಲ್ಲ. ಕೇಳುವವರು ಕಾರಿನ ಗಾಜು ಅರ್ಧ ಇಳಿಸಿರುತ್ತಾರೆ, ಉತ್ತರಕ್ಕೆ ಕಾಯುವುದಿಲ್ಲ. ಇದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ ‘ಟ್ಯಾಕ್ಸ್ ಕಟ್ತೀಯೇನೋ?’ ಎಂಬುದು. ನಾನೂ ಕೆಲಸಕ್ಕೆ ಸೈಕಲ್‌ನಲ್ಲೇ ಹೋಗುವವನಾದ್ದರಿಂದ ಎರಡನ್ನೂ ಸಾಕಷ್ಟು ಕೇಳಿಸಿಕೊಂಡಿದ್ದೇನೆ. ಎರಡಕ್ಕೂ ಕಾನೂನಿನಲ್ಲಿ ಉತ್ತರವಿದೆ.

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಕಾಲಲ್ಲಿ ತುಳಿಯುವ ಸೈಕಲ್ ಮೋಟಾರು ವಾಹನವಲ್ಲ. ಹಾಗಾಗಿ ಅದಕ್ಕೆ ಲೈಸೆನ್ಸ್, ನೋಂದಣಿ, ವಿಮೆ ಯಾವುದೂ ಬೇಡ. ಹೆಲ್ಮೆಟ್ ಕಡ್ಡಾಯ ಮಾಡುವ 129ನೇ ಕಲಂ ಕೂಡ ಮೋಟಾರ್ ಸೈಕಲ್ಲಿಗೆ ಸಂಬಂಧಿಸಿದ್ದು. (ಹಾಕಿಕೊಂಡರೆ ಒಳ್ಳೆಯದು, ಅದು ಬೇರೆ ಮಾತು.) ವಾಹನ ತೆರಿಗೆ ಕಟ್ಟದವನಿಗೆ ರಸ್ತೆಯ ಮೇಲೆ ಹಕ್ಕು ಕಡಿಮೆ ಎಂದು ಯಾವ ಕಾಯ್ದೆಯೂ ಹೇಳುವುದಿಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮೋಟಾರು ವಾಹನ ಚಾಲನಾ ನಿಯಮಾವಳಿ ಹೇಳುವುದು ಅದರ ತದ್ವಿರುದ್ಧ. ಪಾದಚಾರಿಗಳು, ಸೈಕಲ್ ಸವಾರರು, ಮಕ್ಕಳು, ವೃದ್ಧರು, ಅಂಗವಿಕಲರ ವಿಷಯದಲ್ಲಿ ಚಾಲಕರು ವಿಶೇಷ ಎಚ್ಚರ ವಹಿಸಬೇಕು ಎನ್ನುತ್ತದೆ ಅದು. ಫುಟ್‌ಪಾತ್ ಮತ್ತು ಸೈಕಲ್ ಪಥದ ಮೇಲೆ ಗಾಡಿ ನಿಲ್ಲಿಸುವುದನ್ನೂ ಅದು ನಿಷೇಧಿಸಿದೆ. ಜಯನಗರದ ಸೈಕಲ್ ಪಥಗಳನ್ನು ನೋಡಿದವರು ಈ ವಾಕ್ಯ ಓದಿ ನಗಬಹುದು. ಆದರೂ ನಿಯಮ ನಿಯಮವೇ.

ಸೈಕಲ್ಲಿಗೆ ನಿಜಕ್ಕೂ ಪ್ರವೇಶವಿಲ್ಲದ ರಸ್ತೆಗಳೂ ಇವೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳ ಜೊತೆ ಸೈಕಲ್ಲನ್ನೂ ನಿಷೇಧಿಸಲಾಗಿದೆ. ಅಲ್ಲಿ ಸರ್ವೀಸ್ ರಸ್ತೆಯೇ ಗತಿ. ಎದುರು ದಿಕ್ಕಿನಲ್ಲಿ ಬರುವ, ರಾತ್ರಿ ದೀಪವಿಲ್ಲದೆ ತುಳಿಯುವ ಸವಾರರ ತಪ್ಪನ್ನೂ ಮುಚ್ಚಿಡಬೇಕಿಲ್ಲ. ಮುಂದೆ ಪರಿಹಾರದ ಲೆಕ್ಕ ಹಾಕುವಾಗ ನ್ಯಾಯಾಲಯ ಅದನ್ನು ಮರೆಯುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೊದಲ ಸಲ ಠಾಣೆಗೆ ದೂರು ಕೊಟ್ಟಾಗ ನಾನು ಮಾಡಿದ ತಪ್ಪನ್ನು ಬಹುತೇಕ ಸವಾರರು ಮಾಡುತ್ತಾರೆ. ಒಂದು ಕಾರು ಹಿಂದಿನಿಂದ ಹಾರ್ನ್ ಒತ್ತುತ್ತಾ ಬಂದು, ಕೈಗೆ ತಾಗುವಷ್ಟು ಹತ್ತಿರದಲ್ಲಿ ನನ್ನನ್ನು ದಾಟಿ, ಎಡಕ್ಕೆ ಒತ್ತಿ ಚರಂಡಿಯ ಅಂಚಿಗೆ ತಳ್ಳಿತು. ಆಮೇಲೆ ಚಾಲಕ ಇಳಿದು ಬೈದ. ನಾನು ಒಂದೂವರೆ ಪುಟದ ದೂರು ಬರೆದೆ. ಅದರಲ್ಲಿ ಒಂದು ಪುಟ ಪೂರ್ತಿ ಅವನು ಏನೇನು ಬೈದ ಎಂಬುದೇ ಇತ್ತು. ಬರಹಗಾರ ಪೇದೆ ಓದಿ, ‘ಇದು ಎನ್‌ಸಿ ಆಗುತ್ತೆ ಸಾರ್’ ಎಂದು ಪುಸ್ತಕದಲ್ಲಿ ನಾಲ್ಕು ಸಾಲು ಬರೆದುಕೊಂಡು ಕಳಿಸಿದರು. ಸಿಟ್ಟು ಬಂತು. ಕಾನೂನು ಓದಿದ ಮೇಲೆ, ನಾನು ಬರೆದದ್ದಕ್ಕೆ ಅವರು ಮಾಡಿದ್ದು ಸರಿಯೇ ಎಂದು ಗೊತ್ತಾಯಿತು.

2024ರ ಜುಲೈ 1ರಿಂದ ಐಪಿಸಿಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ ಜಗಳಕ್ಕೆ ಎಳೆಯುವಂತೆ ಬೇಕೆಂದೇ ಅವಮಾನಿಸುವುದು (352ನೇ ಕಲಂ), ಸಾಮಾನ್ಯ ಬೆದರಿಕೆ (351), ಕೆನ್ನೆಗೆ ಹೊಡೆಯುವಂಥ ಸಾಮಾನ್ಯ ಗಾಯ (115) ಎಲ್ಲವೂ ಅಪರಾಧಗಳೇ. ಆದರೆ ಇವು ಅಸಂಜ್ಞೇಯ, ಅಂದರೆ ಆ ಪೇದೆ ಹೇಳಿದ ‘ಎನ್‌ಸಿ’. ಪೊಲೀಸರು ಪುಸ್ತಕದಲ್ಲಿ ಬರೆದುಕೊಳ್ಳಬೇಕು, ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ತನಿಖೆ ನಡೆಸುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಅಶ್ಲೀಲ ಮಾತಿಗೆ 296ನೇ ಕಲಂ ಇದೆ, ಅದು ಸಂಜ್ಞೇಯ. ಆದರೆ ಬೈಗುಳವೆಲ್ಲ ಅಶ್ಲೀಲವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ.

ಚಾಲನೆಯ ವಿಷಯ ಬೇರೆ. ಜೀವಕ್ಕೆ ಅಪಾಯ ತರುವಂತೆ, ಅಥವಾ ಗಾಯವಾಗುವ ಸಂಭವವಿರುವಂತೆ ದುಡುಕಿನಿಂದ ಗಾಡಿ ಓಡಿಸುವುದು 281ನೇ ಕಲಂ. ಶಿಕ್ಷೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದು ಸಂಜ್ಞೇಯ, ಅಂದರೆ ಎಫ್‌ಐಆರ್ ಆಗಲೇಬೇಕಾದ ಅಪರಾಧ. ಗಾಯ ಆಗಿರಲೇಬೇಕೆಂದಿಲ್ಲ ಎಂಬುದನ್ನು ಗಮನಿಸಿ. ಬೇರೆಯವರ ಜೀವಕ್ಕೆ ಅಪಾಯ ತರುವ ದುಡುಕಿಗೆ 125ನೇ ಕಲಂ ಇದೆ. ಕಾರು ಅಡ್ಡ ತಂದು ನಿಲ್ಲಿಸಿ ನೀವು ಮುಂದೆ ಹೋಗದಂತೆ ತಡೆದರೆ 126. ಇವೂ ಸಂಜ್ಞೇಯ. ಮೋಟಾರು ವಾಹನ ಕಾಯ್ದೆಯ 184ನೇ ಕಲಂನಲ್ಲಿ ಅಪಾಯಕಾರಿ ಚಾಲನೆಗೆ ಬೇರೆಯೇ ಶಿಕ್ಷೆ ಇದೆ. ನಿಯಮ ಮೀರಿ ಓವರ್‌ಟೇಕ್ ಮಾಡುವುದು, ಚಾಲನೆ ಮಾಡುತ್ತಾ ಫೋನ್ ಹಿಡಿಯುವುದು, ಎದುರು ದಿಕ್ಕಿನಲ್ಲಿ ಬರುವುದು 2019ರ ತಿದ್ದುಪಡಿಯ ನಂತರ ಅದರಲ್ಲಿ ಸೇರಿವೆ.

ನನಗೆ ಆ ದಿನ ಗೊತ್ತಿಲ್ಲದಿದ್ದ ಇನ್ನೊಂದು ಅಂಶ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 174ನೇ ಕಲಂನಲ್ಲಿದೆ. ಒಂದೇ ಪ್ರಕರಣದಲ್ಲಿ ಹಲವು ಅಪರಾಧಗಳಿದ್ದು, ಅವುಗಳಲ್ಲಿ ಒಂದು ಸಂಜ್ಞೇಯವಾಗಿದ್ದರೂ ಸಾಕು, ಇಡೀ ಪ್ರಕರಣವನ್ನೇ ಸಂಜ್ಞೇಯವೆಂದು ಪರಿಗಣಿಸಬೇಕು. ಹಾಗಾಗಿ ದೂರಿನಲ್ಲಿ ಮೊದಲು ಬರಬೇಕಾದದ್ದು ಅವನು ಗಾಡಿ ಓಡಿಸಿದ ರೀತಿ. ಬೈಗುಳ ಅದರ ಹಿಂದೆ ಬರಲಿ. ಮಾದರಿಗೆ ಹೀಗೆ ಬರೆಯಬಹುದು:

‘ದಿನಾಂಕ ಇಂಥದ್ದು, ಬೆಳಿಗ್ಗೆ 8.40ಕ್ಕೆ, ಇಂಥ ರಸ್ತೆಯ ಇಂಥ ಬಸ್ ನಿಲ್ದಾಣದ ಮುಂದೆ ನಾನು ರಸ್ತೆಯ ಎಡಭಾಗದಲ್ಲಿ ಸೈಕಲ್ ತುಳಿಯುತ್ತಿದ್ದೆ. ಈ ನೋಂದಣಿ ಸಂಖ್ಯೆಯ ಬಿಳಿ ಕಾರು ನನ್ನ ಹಿಂದಿನಿಂದ ವೇಗವಾಗಿ ಬಂದು, ಸುಮಾರು ಒಂದು ಅಡಿ ಅಂತರದಲ್ಲಿ ನನ್ನನ್ನು ದಾಟಿ, ಕೂಡಲೇ ಎಡಕ್ಕೆ ತಿರುಗಿತು. ಬಲಗಡೆಯ ಹ್ಯಾಂಡಲ್‌ಗೆ ಕಾರು ತಾಗಿ ನಾನು ಆಯತಪ್ಪಿದೆ. ನಂತರ ಚಾಲಕ ಕಾರನ್ನು ಅಡ್ಡ ನಿಲ್ಲಿಸಿ ನನ್ನನ್ನು ಹೋಗಲು ಬಿಡಲಿಲ್ಲ. ಇಂಥ ಮಾತು ಆಡಿದರು. ಇದನ್ನು ಇಂಥವರು ನೋಡಿದ್ದಾರೆ. ಆ ಅಂಗಡಿಯ ಮುಂದೆ ಸಿಸಿಟಿವಿ ಇದೆ. ದೃಶ್ಯ ಅಳಿಯುವ ಮೊದಲು ಪಡೆದುಕೊಳ್ಳಬೇಕೆಂದು ಕೋರುತ್ತೇನೆ.’

‘ರಾಕ್ಷಸನಂತೆ ನುಗ್ಗಿ ಬಂದ’ ಎಂದೆಲ್ಲ ಬರೆಯಬೇಡಿ. ಅಂತರ, ದಿಕ್ಕು, ಹೊತ್ತು, ಜಾಗ ಇಷ್ಟೇ ಸಾಕು. ಕಲಂ ಸಂಖ್ಯೆ ಹಾಕುವುದು ನಿಮ್ಮ ಕೆಲಸವಲ್ಲ, ಠಾಣಾಧಿಕಾರಿಯದು. ಇಷ್ಟೆಲ್ಲ ಸರಿಯಾಗಿ ಬರೆದರೂ ಗಾಯವಿಲ್ಲದ ಪ್ರಕರಣದಲ್ಲಿ ಪೊಲೀಸರು ‘ರಾಜಿ ಮಾಡ್ಕೊಳಿ’ ಎನ್ನುವ ಸಂಭವವೇ ಹೆಚ್ಚು. ರಾಜಿ ಮಾಡಿಕೊಳ್ಳುವುದು ತಪ್ಪಲ್ಲ. ಆದರೆ ಅದು ನಿಮ್ಮ ಇಚ್ಛೆ, ಕರ್ತವ್ಯವಲ್ಲ.

ಯಾವ ಠಾಣೆಗೆ ಹೋಗಬೇಕು ಎಂಬ ಗೊಂದಲ ದೊಡ್ಡ ಊರುಗಳಲ್ಲಿದೆ. ಬೆಂಗಳೂರಿನಲ್ಲಿ ಸಂಚಾರ ಠಾಣೆ, ಕಾನೂನು ಸುವ್ಯವಸ್ಥೆ ಠಾಣೆ ಬೇರೆ ಬೇರೆ. ಅಪಘಾತವಾದರೆ ಸಂಚಾರ ಠಾಣೆ, ಹಲ್ಲೆ–ಬೆದರಿಕೆಯಾದರೆ ಇನ್ನೊಂದು. ಎರಡೂ ಬೆರೆತಾಗ ಅವರು ಇವರ ಕಡೆ, ಇವರು ಅವರ ಕಡೆ ಕೈ ತೋರಿಸುತ್ತಾರೆ. 2025ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಬೈಕ್ ಸವಾರನೊಬ್ಬ ಕಾರು ಗುದ್ದಿ ತೀರಿಕೊಂಡದ್ದು ಮೊದಲು ಅಪಘಾತವೆಂದೇ ದಾಖಲಾಗಿತ್ತು. ಕನ್ನಡಿಗೆ ತಾಗಿದ ಸಿಟ್ಟಿಗೆ ಬೆನ್ನಟ್ಟಿ ಗುದ್ದಿದ್ದಾರೆಂಬ ಆರೋಪ ಸಿಸಿಟಿವಿ ದೃಶ್ಯ ನೋಡಿದ ಮೇಲೆ ಹೊರಬಂದು, ಅದು ಕೊಲೆ ಪ್ರಕರಣವಾಯಿತು. ದುಡುಕಿಗೂ ಬೇಕೆಂದೇ ಗುದ್ದುವುದಕ್ಕೂ ಕಾನೂನಿನಲ್ಲಿ ಇರುವ ಅಂತರ ಅಷ್ಟು ದೊಡ್ಡದು. ಬೇಕೆಂದೇ ಗುದ್ದಿದನೆಂದು ನಿಮಗೆ ಅನ್ನಿಸಿದ್ದರೆ, ಹಾಗೆ ಅನ್ನಿಸಲು ಕಾರಣವಾದ ಸಂಗತಿಗಳನ್ನು ಮೊದಲ ದೂರಿನಲ್ಲೇ ಬರೆಯಿರಿ.

‘ಇದು ನಮ್ಮ ವ್ಯಾಪ್ತಿಯಲ್ಲ’ ಎಂದು ಈಗ ಯಾವ ಠಾಣೆಯೂ ಸಂಜ್ಞೇಯ ಅಪರಾಧದ ದೂರನ್ನು ಹಿಂದಕ್ಕೆ ಕಳಿಸುವಂತಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಎಲ್ಲಿ ಬೇಕಾದರೂ ದೂರು ಕೊಡಬಹುದು. ಇದನ್ನೇ ‘ಝೀರೋ ಎಫ್‌ಐಆರ್’ ಎನ್ನುವುದು. ಎಲೆಕ್ಟ್ರಾನಿಕ್ ರೂಪದಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ದಾಖಲಿಸಲು ಒಪ್ಪದಿದ್ದರೆ ದೂರಿನ ಸಾರವನ್ನು ಅಂಚೆಯ ಮೂಲಕ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ, ಬೆಂಗಳೂರಿನಲ್ಲಾದರೆ ಡಿಸಿಪಿಗೆ, ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಠಾಣೆಯಿಂದ ಬರಿಗೈಲಿ ಬರಬೇಡಿ. ಸ್ವೀಕೃತಿಯೋ ಹಿಂಬರಹವೋ ಕೇಳಿ ಪಡೆಯಿರಿ. ಅದಿಲ್ಲದಿದ್ದರೆ ಮುಂದಿನ ಮೆಟ್ಟಿಲಿನಲ್ಲಿ ತೋರಿಸಲು ಏನೂ ಇರುವುದಿಲ್ಲ.

ಸಾಕ್ಷ್ಯದ ವಿಷಯದಲ್ಲಿ ಒಂದು ಎಚ್ಚರಿಕೆ. ಹೆಲ್ಮೆಟ್ಟಿನ ಕ್ಯಾಮೆರಾದಲ್ಲೋ ಫೋನಿನಲ್ಲೋ ಚಿತ್ರೀಕರಿಸಿದ್ದರೆ ಮೂಲ ಫೈಲನ್ನು ಹಾಗೇ ಇಟ್ಟುಕೊಳ್ಳಿ. ಕತ್ತರಿಸಿ, ಹಾಡು ಸೇರಿಸಿ ವಾಟ್ಸ್ಆ್ಯಪ್‌ಗೆ ಹಾಕಿದ ತುಣುಕು ಜನರನ್ನು ಕೆರಳಿಸುತ್ತದೆ, ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ನಂಬರ್ ಪ್ಲೇಟು ತೋರಿಸಿ, ಚಾಲಕನಿಗೆ ನಾಲ್ಕು ಬೈಗುಳ ಸೇರಿಸಿ ಜಾಲತಾಣಕ್ಕೆ ಹಾಕುವ ಆಸೆಯನ್ನೂ ತಡೆದುಕೊಳ್ಳಿ, ಮಾನನಷ್ಟದ ದೂರು ನಿಮ್ಮ ಮೇಲೇ ತಿರುಗಬಹುದು. ಸಂಚಾರ ನಿಯಮ ಉಲ್ಲಂಘನೆಯನ್ನಷ್ಟೇ ತಿಳಿಸುವುದಾದರೆ ಬೆಂಗಳೂರು ಸಂಚಾರ ಪೊಲೀಸರ ‘ಅಸ್ತ್ರಂ’ ಆ್ಯಪ್ ಇದೆ. ಅದು ದಂಡಕ್ಕೆ ದಾರಿ, ಎಫ್‌ಐಆರ್‌ಗೆ ಬದಲಿ ಅಲ್ಲ.

ಇನ್ನೊಂದು ಆಸೆಯೂ ಬರುತ್ತದೆ, ಕಾರಿನ ಕನ್ನಡಿ ಮುರಿಯುವುದು, ಬಾಗಿಲಿಗೆ ಒದೆಯುವುದು. ಅದು ಆಸ್ತಿ ಹಾನಿ, ನ್ಯಾಯ ಸಂಹಿತೆಯ 324ನೇ ಕಲಂ. ಅಲ್ಲಿಗೆ ಕೌಂಟರ್ ಕೇಸ್ ಹುಟ್ಟಿತು ಎಂದೇ ಲೆಕ್ಕ.

ಹೆಣ್ಣುಮಕ್ಕಳಿಗೆ ಕೀಳು ಮಾತು, ಸನ್ನೆ ಮಾಡಿದರೆ ಅದೇ ಸಂಹಿತೆಯ 79ನೇ ಕಲಂ ಇದೆ. ಮೂರು ವರ್ಷದವರೆಗೆ ಶಿಕ್ಷೆ, ಸಂಜ್ಞೇಯ. ಶಾಲೆಗೆ ಸೈಕಲ್ ತುಳಿಯುವ ಬಾಲಕಿಯಾದರೆ ಪೋಕ್ಸೊ ಅನ್ವಯಿಸಬಹುದು. ಪರಿಶಿಷ್ಟರನ್ನು ಜನರೆದುರು ಜಾತಿ ಹಿಡಿದು ಬೈದರೆ ದೌರ್ಜನ್ಯ ತಡೆ ಕಾಯ್ದೆ ಇದೆ. ಇಂಥ ಕಡೆ ಮಾತ್ರ ಆಡಿದ ಮಾತನ್ನು ಅಕ್ಷರಶಃ ದೂರಿನಲ್ಲಿ ಬರೆಯಲೇಬೇಕು, ಮುಜುಗರ ಬೇಡ.

ಗಾಯವಾದರೆ ಮೊದಲು 112, ಆಸ್ಪತ್ರೆ, ಆಮೇಲೆ ಉಳಿದದ್ದು. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವುದು, ಪೊಲೀಸರಿಗೆ ತಿಳಿಸುವುದು ಚಾಲಕನ ಹೊಣೆ. ತಪ್ಪಿದರೆ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ. ಎತ್ತಿಕೊಂಡು ಆಸ್ಪತ್ರೆಗೆ ಸೇರಿಸಿದ ದಾರಿಹೋಕರಿಗೆ 134ಎ ಕಲಂ ಮತ್ತು ಕರ್ನಾಟಕದ ಪರೋಪಕಾರಿ ರಕ್ಷಣಾ ಕಾಯ್ದೆಯ ಆಸರೆಯಿದೆ, ಅವರನ್ನು ಸಾಕ್ಷಿಯಾಗಲೇಬೇಕೆಂದು ಒತ್ತಾಯಿಸುವಂತಿಲ್ಲ. 2025ರ ಮೇ ತಿಂಗಳಿಂದ ಜಾರಿಯಲ್ಲಿರುವ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ, ಮೋಟಾರು ವಾಹನದಿಂದ ಅಪಘಾತಕ್ಕೊಳಗಾದವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, 1.5 ಲಕ್ಷ ರೂಪಾಯಿ ಮಿತಿಯ ಚಿಕಿತ್ಸೆ ಸಿಗುತ್ತದೆ. ಸೈಕಲ್ ಸವಾರರಿಗೂ ಇದು ಅನ್ವಯಿಸುತ್ತದೆ. ಆಸ್ಪತ್ರೆಯಲ್ಲಿ ‘ಬಿದ್ದೆ’ ಎನ್ನಬೇಡಿ, ‘ಕಾರು ಗುದ್ದಿತು’ ಎಂದು ಹೇಳಿ, ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸ್) ಆಗಲಿ. ಗಾಯದ ಪ್ರಮಾಣಪತ್ರ ಅಲ್ಲಿಂದಲೇ ಹುಟ್ಟುತ್ತದೆ.

ಸ್ಥಳದಲ್ಲೇ ಐನೂರು ರೂಪಾಯಿ ಕೈಗಿಟ್ಟು ‘ರಿಪೇರಿ ಮಾಡಿಸ್ಕೊಳಿ’ ಎನ್ನುವವರಿರುತ್ತಾರೆ. ಮೂಳೆಯ ನೋವು ಎರಡನೇ ದಿನ ಗೊತ್ತಾಗುತ್ತದೆ. ಕಾರಿನ ವಿಮೆಯ ದೃಷ್ಟಿಯಲ್ಲಿ ಸೈಕಲ್ ಸವಾರ ‘ಮೂರನೇ ವ್ಯಕ್ತಿ’, ಅವನಿಗೆ ಪರಿಹಾರ ಕೊಡುವುದು ವಿಮಾ ಕಂಪನಿಯ ಹೊಣೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ 166ನೇ ಕಲಂ ಅಡಿ ಅರ್ಜಿ ಹಾಕಬಹುದು, ಅಪಘಾತ ನಡೆದ ಊರಿನಲ್ಲೇ ಆಗಬೇಕೆಂದಿಲ್ಲ, ನೀವಿರುವ ಊರಿನಲ್ಲೂ ಸಾಧ್ಯ. ಆರು ತಿಂಗಳೊಳಗೆ ಹಾಕಬೇಕೆಂದು ಕಾಯ್ದೆ ಹೇಳುತ್ತದೆ. ಮೀರಿದ್ದರೆ ಕೈಚೆಲ್ಲುವ ಮುನ್ನ ವಕೀಲರನ್ನು ಕೇಳಿ. ಗುದ್ದಿದ ವಾಹನ ಯಾವುದೆಂದೇ ತಿಳಿಯದಿದ್ದರೆ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿಯ ಪ್ರತ್ಯೇಕ ಪರಿಹಾರವಿದೆ. ಅದರ ಅರ್ಜಿ ಹೋಗುವುದು ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿಯ ಕಡೆಗೆ. ವಕೀಲರ ಖರ್ಚಿನ ಚಿಂತೆಯಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟಿದ್ದರೂ ನೆರವು ಉಚಿತ.

ಸೈಕಲ್ಲಿನದೂ ಒಂದು ಮಾತಿದೆ. ಅಪಘಾತದ ನಂತರ ಮಹಜರಿಗೆಂದು ಅದನ್ನು ಠಾಣೆಗೆ ಒಯ್ಯುತ್ತಾರೆ. ಅಲ್ಲಿ ಮಳೆಗೆ ನೆನೆದು ತುಕ್ಕು ಹಿಡಿದ ಸೈಕಲ್ಲುಗಳನ್ನು ಯಾವ ಠಾಣೆಯ ಅಂಗಳದಲ್ಲಿ ಬೇಕಾದರೂ ನೋಡಬಹುದು. ಪೇಪರ್ ಹಾಕುವ ಹುಡುಗನಿಗೆ, ಹಾಲು ಮಾರುವವರಿಗೆ ಅದೇ ಅನ್ನ. ಗಾಲಿ, ಫೋರ್ಕ್, ಹ್ಯಾಂಡಲ್ಲಿನ ಫೋಟೊ ತೆಗೆದಿಟ್ಟುಕೊಳ್ಳಿ. ಪರಿಶೀಲನೆ ಮುಗಿದ ಮೇಲೆ ಠಾಣಾಧಿಕಾರಿಗೆ ಲಿಖಿತವಾಗಿ ಕೇಳಿ. ಬಿಡದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 497 ಮತ್ತು 503ನೇ ಕಲಂ ಅಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ಲಾರಿ ಬಿಡಿಸಿಕೊಳ್ಳಲು ಇರುವ ಕಲಂಗಳೂ ಇವೇ, ನಿಮ್ಮ ಹಳೇ ಅಟ್ಲಾಸ್ ಸೈಕಲ್ಲಿಗೂ ಇವೇ.