ಕಂಪ್ಯೂಟರ್ ಜೋಡಿಯ ಜೊತೆ ಸ್ಲ್ಯಾಮ್: ಎಂಟು ಸೂತ್ರಗಳು

ಕುರುಡುಮಲೆಯಲ್ಲಾಗಲಿ ಮುಳಬಾಗಿಲಿನಲ್ಲಾಗಲಿ ರಮ್ಮಿಗೆ ಕರೆದರೆ ಜನ ಸೇರುತ್ತಾರೆ. ಬ್ರಿಡ್ಜ್‌ಗೆ ನಾಲ್ವರನ್ನು ಕೂಡಿಸುವುದು ಕಷ್ಟ. ಕ್ಲಬ್ಬಿಗೆ ಹೋಗೋಣವೆಂದರೆ ಬೆಂಗಳೂರು ಹೆಚ್ಚುಕಡಿಮೆ ನೂರು ಕಿಲೋಮೀಟರ್. ಹಾಗಾಗಿ ಇಲ್ಲಿ ಕಲಿಯುವವರಿಗೆ ಮೊಬೈಲೇ ಕ್ಲಬ್ಬು, ಕಂಪ್ಯೂಟರೇ ಜೋಡಿ. ಇಸ್ಪೀಟು ಎಂದರೆ ಜೂಜು ಎಂದು ಮನೆಯಲ್ಲಿ ಯಾರಾದರೂ ಗದರಿದರೆ, 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್ ಇದೇ ಆಟದಲ್ಲಿ ಭಾರತಕ್ಕೆ ಚಿನ್ನ ತಂದದ್ದನ್ನು ಹೇಳಿ.

1. ಲೆಕ್ಕ ಬಾಯಿಗೆ ಬರಲಿ. ಹನ್ನೆರಡು ಟ್ರಿಕ್ಕಿನ ಸಣ್ಣ ಸ್ಲ್ಯಾಮ್‌ಗೆ 500 ಅಂಕ ಬೋನಸ್, ವಲ್ನರಬಲ್ ಆಗಿದ್ದರೆ 750. ಹದಿಮೂರರ ಗ್ರ್ಯಾಂಡ್ ಸ್ಲ್ಯಾಮ್‌ಗೆ 1000, ಇಲ್ಲವೇ 1500. ಸಣ್ಣ ಸ್ಲ್ಯಾಮ್ ಗೆಲ್ಲುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚೆನಿಸಿದರೆ ಹಿಂಜರಿಯಬೇಡಿ.

2. ಬಿಡ್ ಹೇಳುವ ಮುನ್ನ ಅದರ ಅರ್ಥ ಓದಿ. ಎಂಟರಲ್ಲಿ ನನಗೆ ಮುಖ್ಯ ಅನಿಸುವುದು ಇದೇ. ಮನುಷ್ಯ ಜೋಡಿ ನಿಮ್ಮ ಮನಸ್ಸನ್ನು ಊಹಿಸಬಲ್ಲ. ರೋಬಾಟ್ ತನ್ನೊಳಗೆ ಬರೆದಿಟ್ಟ ಅರ್ಥವನ್ನಷ್ಟೇ ನಂಬುತ್ತದೆ. ಬ್ರಿಡ್ಜ್ ಬೇಸ್ ಆನ್‌ಲೈನ್‌ನಲ್ಲಿ ಆಡುವ ಜಿಬ್ ಎಂಬ ರೋಬಾಟ್, ನೀವು ಹೇಳಹೊರಟ ಬಿಡ್ಡನ್ನು ತಾನು ಹೇಗೆ ಅರ್ಥಮಾಡಿಕೊಳ್ಳುತ್ತದೆ ಎಂದು ಮೊದಲೇ ತೋರಿಸುತ್ತದೆ. ಒಂದು ಬಣ್ಣದಲ್ಲಿ ಹಿಡಿತವಿದೆ ಎಂದು ಜೋಡಿಗೆ ತಿಳಿಸುವ ಬಿಡ್ಡೇ ಕ್ಯೂ ಬಿಡ್. ಆ ವಿವರಣೆಯಲ್ಲಿ ಕ್ಯೂ ಬಿಡ್ ಎಂದಿಲ್ಲದಿದ್ದರೆ, ನಿಮ್ಮ ಮನಸ್ಸಿನಲ್ಲಿ ಏನೇ ಇರಲಿ, ಅದು ಕ್ಯೂ ಬಿಡ್ ಅಲ್ಲ.

3. ತುರುಪು ಮೊದಲು, ಕ್ಯೂ ಬಿಡ್ ಆಮೇಲೆ. ತುರುಪು ಯಾವುದೆಂದು ಒಪ್ಪಂದವಾಗದೆ ಹೊಸ ಬಣ್ಣ ಹೇಳಿದರೆ, ಆ ಬಣ್ಣವೇ ನಿಮ್ಮಲ್ಲಿ ಉದ್ದವಾಗಿದೆ ಎಂದು ಯಂತ್ರ ನಂಬುತ್ತದೆ. ಎದುರಾಳಿಯ ಬಣ್ಣವನ್ನು ಹೇಳುವುದಕ್ಕೂ ಕ್ಯೂ ಬಿಡ್ ಎಂದೇ ಹೆಸರು, ಆದರೆ ಅದರ ಕೆಲಸ ಬೇರೆ. ಎರಡನ್ನೂ ಬೆರೆಸಬೇಡಿ.

4. ಹೇಳಿದ್ದನ್ನು ಕೇಳಿ, ದಾಟಿದ್ದನ್ನೂ ಕೇಳಿ. ನಿಮ್ಮ ಕೈಯಲ್ಲಿ ಸ್ಪೇಡಿನ ಎಕ್ಕ, ರಾಜ, ರಾಣಿ, 8, 4. ಹಾರ್ಟಿನ 6, 3. ಡೈಮಂಡಿನ ಎಕ್ಕ, ರಾಜ, 9, 2. ಕ್ಲಬ್ಬಿನ ರಾಜ, 5. ನೀವು 1 ಸ್ಪೇಡ್ ಅಂದಿರಿ, ಜೋಡಿ ಹತ್ತು ಹನ್ನೆರಡು ಪಾಯಿಂಟ್ ಇಟ್ಟುಕೊಂಡು 3 ಸ್ಪೇಡ್ ಅಂದಿತು. ಕೈ ಚೆನ್ನಾಗಿದೆ, ಆದರೆ ಹಾರ್ಟ್ ಬಾಗಿಲು ತೆರೆದೇ ಇದೆ. ಎದುರಾಳಿ ಎಕ್ಕ, ರಾಜ ಎರಡನ್ನೂ ಹೊಡೆದರೆ ಸ್ಲ್ಯಾಮ್ ಅಲ್ಲಿಗೇ ಮುಗಿಯಿತು. ಆದ್ದರಿಂದ 4 ಕ್ಲಬ್ ಹೇಳಿ: ಕ್ಲಬ್ಬಿನಲ್ಲಿ ನನಗೆ ಹಿಡಿತವಿದೆ ಎಂದರ್ಥ. ಜೋಡಿ ಡೈಮಂಡ್ ದಾಟಿ 4 ಹಾರ್ಟ್ ಅಂದರೆ ಹಾರ್ಟಿನಲ್ಲಿ ಹಿಡಿತವಿದೆ, ಡೈಮಂಡಿನಲ್ಲಿ ಇಲ್ಲ. ಡೈಮಂಡ್ ನಿಮ್ಮಲ್ಲೇ ಇದೆ, ಮುಂದೆ ಹೋಗಿ. 4 ಸ್ಪೇಡ್ ಅಂದರೆ ಹಾರ್ಟ್ ಅಲ್ಲೂ ಇಲ್ಲ, ಪಾಸ್ ಹೇಳಿ. ಹತ್ತೊಂಬತ್ತು ಪಾಯಿಂಟ್ ಇಟ್ಟುಕೊಂಡು ನಾಲ್ಕರಲ್ಲೇ ನಿಲ್ಲುವುದಕ್ಕೆ ಎದೆಗಾರಿಕೆ ಬೇಕು. ಆ ಎದೆಗಾರಿಕೆ ಕೊಡುವುದಕ್ಕೇ ಕ್ಯೂ ಬಿಡ್ ಇರುವುದು.

5. ಬ್ಲ್ಯಾಕ್‌ವುಡ್ ಕೊನೆಯ ಪ್ರಶ್ನೆ. ಈಸ್ಲಿ ಬ್ಲ್ಯಾಕ್‌ವುಡ್ 1933ರಲ್ಲಿ ರೂಪಿಸಿದ 4 ನೋ ಟ್ರಂಪ್ ಎಷ್ಟು ಎಕ್ಕ ಎಂದು ಕೇಳುತ್ತದೆಯೇ ಹೊರತು ಯಾವ ಎಕ್ಕ ಎಂದಲ್ಲ. ಒಂದು ಬಣ್ಣದ ಎಲೆಯೇ ಇಲ್ಲದ ಕೈಯಿಂದ ಇದನ್ನು ಕೇಳಬೇಡಿ. ಮೇಲಿನಂತೆ ತೆರೆದ ಬಣ್ಣವಿರುವಾಗಲೂ, ಹಿಡಿತ ಗೊತ್ತಾಗುವ ತನಕ ಕೇಳಬೇಡಿ.

6. ಉತ್ತರದ ಕ್ರಮ ನೋಡಿಕೊಳ್ಳಿ. ಈಗ ಹೆಚ್ಚಿನವರು ತುರುಪಿನ ರಾಜನನ್ನೂ ಸೇರಿಸಿ ಐದು ಮುಖ್ಯ ಎಲೆ ಎಣಿಸುತ್ತಾರೆ. 1430 ಕ್ರಮದಲ್ಲಿ 5 ಕ್ಲಬ್ ಎಂದರೆ ಒಂದು ಅಥವಾ ನಾಲ್ಕು. 3014ರಲ್ಲಿ ಸೊನ್ನೆ ಅಥವಾ ಮೂರು. ಮೇಲಿನ ಕೈಯಲ್ಲಿ ಮೂರು ನಿಮ್ಮಲ್ಲಿವೆ. ಜೋಡಿಯಲ್ಲಿ ಒಂದಿದ್ದರೆ 6 ಸ್ಪೇಡ್, ಸೊನ್ನೆಯಾದರೆ 5 ಸ್ಪೇಡ್‌ನಲ್ಲಿ ನಿಲ್ಲಬೇಕು. ಕ್ರಮ ತಿರುಗುಮುರುಗಾದರೆ ಎರಡು ಎಕ್ಕ ಎದುರಾಳಿಯ ಕೈಯಲ್ಲಿಟ್ಟು ಆರಕ್ಕೆ ಹೋಗುತ್ತೀರಿ.

7. ಯಂತ್ರ ದೊಡ್ಡದು, ಸರ್ವಜ್ಞನಲ್ಲ. ಕಂಪ್ಯೂಟರ್ ಬ್ರಿಡ್ಜ್‌ನ ವಿಶ್ವ ಚಾಂಪಿಯನ್‌ಷಿಪ್ 1997ರಲ್ಲಿ ಶುರುವಾಯಿತು. ಮ್ಯಾಥ್ಯೂ ಗಿನ್ಸ್‌ಬರ್ಗ್ ಕಟ್ಟಿದ ಜಿಬ್ 1998ರಲ್ಲೂ 1999ರಲ್ಲೂ ಗೆದ್ದಿತು. 2022ರ ಮಾರ್ಚ್‌ನಲ್ಲಿ ಪ್ಯಾರಿಸ್‌ನಲ್ಲಿ ನೂಕ್ ಎಂಬ ಪ್ರೋಗ್ರಾಂ ಎಂಟು ಮಂದಿ ವಿಶ್ವ ಚಾಂಪಿಯನ್ನರನ್ನು ಮೀರಿಸಿತು. ಆದರೆ ಅಲ್ಲಿ ಬಿಡ್ಡಿಂಗೇ ಇರಲಿಲ್ಲ. ಎಲ್ಲರೂ 3 ನೋ ಟ್ರಂಪ್ ಆಡಿದರು. ಎಲೆ ಆಡುವುದರಲ್ಲಿ ಯಂತ್ರವನ್ನು ನಂಬಿ. ಬಿಡ್ಡಿನ ಮಾತುಕತೆಯನ್ನು ಅದಕ್ಕೆ ಅರ್ಥವಾಗುವ ಸರಳ ದಾರಿಯಲ್ಲಿ ನಡೆಸಿ. ಹೊಸ ಚಮತ್ಕಾರವನ್ನು ಮನುಷ್ಯ ಜೋಡಿಗೆ ಉಳಿಸಿಕೊಳ್ಳಿ.

8. ಆಟ ಮುಗಿದ ಮೇಲೆ ನಾಲ್ಕೂ ಕೈ ತೆರೆದು ನೋಡಿ, ಫಲಿತಾಂಶಕ್ಕೆ ಮಾತ್ರ ಮರುಳಾಗಬೇಡಿ. ಸ್ಲ್ಯಾಮ್ ಗೆದ್ದಿರಬಹುದು, ಆದರೆ ಅದಕ್ಕೆ ಒಂದು ಫಿನೆಸ್ ಕೂಡಿಬಂದು, ಜೊತೆಗೆ ಎದುರಾಳಿಗಳ ಐದು ತುರುಪು 3–2 ಆಗಿ ಒಡೆಯಬೇಕಿತ್ತೇ? ಫಿನೆಸ್ ಶೇ. 50, ಒಡೆತ ಶೇ. 68, ಎರಡೂ ಸೇರಿದರೆ ಶೇ. 34. ಅಂಥ ಸ್ಲ್ಯಾಮ್ ಗೆದ್ದಿದ್ದರೂ ಹೇಳಬಾರದಿತ್ತು ಎಂದು ಬರೆದಿಟ್ಟುಕೊಳ್ಳಿ, ಯಾವ ಬಿಡ್ಡಿನಲ್ಲಿ ನಿಲ್ಲಬಹುದಿತ್ತು ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ.